ಮುಂಗೈಯ ನಂಜುಸೂಚಿ

ಹೆರಿಗೆ ವಾರ್ಡಿನಲ್ಲಿ ಮಲಗಿದ್ದ ಬಾಣಂತಿಯರ ಮುಂಗೈಗಳಲ್ಲಿ ಪುಟ್ಟ ಹಸಿರು ದೀಪಗಳು ಉರಿಯುತ್ತಿದ್ದವು. ಡಾ. ವಾರಿಜಾ ಹುದ್ದಾರ ಕಂಡುಹಿಡಿದ ನಂಜುಸೂಚಿಗಳು ಅವು. ನೋಡಲು ಮೆತ್ತನೆಯ ಪಟ್ಟಿ, ಅಷ್ಟೇ. ಹೆರಿಗೆಯ ನಂತರ ರಕ್ತಕ್ಕೆ ನಂಜು ಏರತೊಡಗಿದರೆ, ಜ್ವರ ಬರುವ ಮೊದಲೇ ನಾಡಿಯ ನಡೆಯೂ ಬೆವರಿನ ಉಪ್ಪೂ ತುಸು ಬದಲಾಗುತ್ತವೆ. ಕಣ್ಣಿಗೆ ಬೀಳದ ಆ ಬದಲಾವಣೆಯನ್ನು ಪಟ್ಟಿ ಗುರುತಿಸುತ್ತಿತ್ತು. ದೀಪ ಹಳದಿಯಾದರೆ ಅನುಮಾನ, ಕಾದು ನೋಡಬೇಕು. ಕೆಂಪಾದರೆ ನಂಜು ಖಚಿತ. ಆಗ ದಾದಿಯರು ಬಾಣಂತಿಯನ್ನು ತೀವ್ರ ನಿಗಾ ಕೊಠಡಿಗೆ ಒಯ್ಯುತ್ತಿದ್ದರು. ಬೇಗ ಮದ್ದು ಬಿದ್ದವರು ಹೆಚ್ಚಾಗಿ ಉಳಿಯುತ್ತಿದ್ದರು.

ಈಚೆಗಂತೂ ಕೆಂಪು ದೀಪ ಹತ್ತುವುದೇ ಅಪರೂಪವಾಗಿತ್ತು. ನಂಜು ಹತೋಟಿಗೆ ಬಂತೆಂದು ವಾರಿಜಾ ಹಿಗ್ಗಿದ್ದಳು. ಸಾವುಗಳೇನೂ ಕಡಿಮೆಯಾಗಿರಲಿಲ್ಲ, ಅದಕ್ಕೆ ಬೇರೇನೋ ಕಾರಣವಿರಬೇಕೆಂದು ಸುಮ್ಮನಾಗಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು.

ಜನ ತೀವ್ರ ನಿಗಾ ಕೊಠಡಿಯನ್ನು ಗಾಜಿನ ಕೋಣೆ ಎನ್ನುತ್ತಿದ್ದರು. ಅಲ್ಲಿಗೆ ಮನೆಯವರನ್ನು ಬಿಡುತ್ತಿರಲಿಲ್ಲ, ಕೂಸನ್ನೂ ಬಿಡುತ್ತಿರಲಿಲ್ಲ. ಹಸಿ ಬಾಣಂತಿಯನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದೆಂದು ನಂಬಿದ ಸೀಮೆ ಅದು. ಕೆಂಪು ದೀಪವೆಂದರೆ ಜನಕ್ಕೆ ಯಮನ ಕರೆಯೇ ಆಗಿಬಿಟ್ಟಿತ್ತು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಶಿವಲೀಲಾಳ ದೀಪ ಒಂದು ಸಂಜೆ ಹಳದಿಯಾಯಿತು.

"ಯವ್ವಾ, ಚಳಿ ಆಗಾಕತ್ತೈತಿ. ನನ್ನ ಆ ಕ್ವಾಣಿಗೆ ಒಯ್ಯಾಕ ಬಿಡಬ್ಯಾಡ. ಕೂಸಿನ ಬಿಟ್ಟು ನಾ ಹೋಗಂಗಿಲ್ಲ."

ತಾಯಿ ಗುರುಸಿದ್ಧವ್ವ ಎರಡೂ ಕೈಯಿಂದ ಮಗಳ ಮುಖ ನೀವಿ, ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದಳು. "ನಿನ್ನ ಪೀಡಾ ಎಲ್ಲಾ ನನಗ ಬರಲಿ, ನನ್ನ ಬಂಗಾರ," ಎಂದು ಮಗಳ ಪಟ್ಟಿ ಬಿಚ್ಚಿ ತನ್ನ ಮುಂಗೈಗೆ ಕಟ್ಟಿಕೊಂಡು, ಮೇಲೆ ಸೆರಗು ಎಳೆದುಕೊಂಡಳು.

ದೀಪ ಹಸಿರಾಯಿತು. ಬಿಸಿ ಚರ್ಮ ತಗುಲಿದರೆ ಪಟ್ಟಿಗೆ ಸಾಕು. ಅದು ಯಾರ ಚರ್ಮ ಎಂದು ಕೇಳುವ ಬುದ್ಧಿಯನ್ನು ವಾರಿಜಾ ಅದಕ್ಕೆ ಕೊಟ್ಟಿರಲಿಲ್ಲ. ಇನ್ನೊಬ್ಬರ ನಂಜನ್ನು ಯಾರಾದರೂ ಬೇಕೆಂದು ಕೈಗೆ ಕಟ್ಟಿಕೊಂಡಾರೇ? ದಾದಿಯರೂ ಈಗ ಬಾಣಂತಿಯರ ಹಣೆ ಮುಟ್ಟುವುದನ್ನು ಬಿಟ್ಟು, ಪಟ್ಟಿಗಳ ಬಣ್ಣ ತೋರಿಸುವ ಗೋಡೆಯ ಪರದೆಯನ್ನಷ್ಟೇ ನೋಡುತ್ತಿದ್ದರು. ಪರದೆಯ ಪ್ರಕಾರ ಶಿವಲೀಲಾ ಚೆನ್ನಾಗಿದ್ದಳು.

ಮರುದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಪರದೆ ಆಗಲೂ ಚೆನ್ನಾಗಿದ್ದಾಳೆ ಎಂದೇ ಹೇಳುತ್ತಿತ್ತು.

ಓಡಿ ಬಂದ ವಾರಿಜಾಗೆ ಪಟ್ಟಿ ತಾಯಿಯ ಕೈಯಲ್ಲಿರುವುದು ಕಂಡಿತು.

"ಯಾಕ್ ಬಿಚ್ಚಿದ್ರಿ ಅಮ್ಮಾ? ಆಕಿ ಕೈಯಾಗ ಇದ್ದಿದ್ರ ಕೆಂಪಾಗ್ತಿತ್ತು. ಉಳೀತಿದ್ಳು."

"ಆಕಿ ನಂಜು ನನಗ ಬರಲಿ ಅಂತ ಕಟ್ಟಿಕೊಂಡಿನ್ರೀ." ಗುರುಸಿದ್ಧವ್ವ ಮಗಳ ಪಾದ ಹಿಡಿದೇ ಇದ್ದಳು. "ಕೆಂಪಾದ್ರ ನೀವು ಒಳಗ ಒಯ್ತಿದ್ರಿ. ತಾಯಿ ಮಾರಿ ಇಲ್ಲ, ಕೂಸಿನ ಮಾರಿ ಇಲ್ಲ. ಹೆಂಗ ಇರ್ತಿತ್ರೀ ನನ್ನ ಹುಡುಗಿ?"

"ಹೊರಗಿನವ್ರು ಬಂದ್ರ ಸೋಂಕು ಹರಡ್ತದ್ರಿ. ಅದಕ್ಕ..."

"ನಾ ಹೊರಗಿನಾಕಿ ಏನ್ರೀ?"

ಕೆಂಪು ದೀಪ ಯಾಕೆ ಅಪರೂಪವಾಗಿತ್ತೆಂದು ಹೊಳೆದು, ವಾರಿಜಾ ವಾರ್ಡಿನ ಕಡೆ ತಿರುಗಿದಳು.

"ಎಲ್ಲಾರೂ ನಿಮ್ಮ ಕೈ ತೋರಸ್ರಿ. ಬೈಯಂಗಿಲ್ಲ."

ಎದುರು ಮಂಚದ ಬಳಿ ಕೂತಿದ್ದ ಅತ್ತೆಯೊಬ್ಬಳು ಸೆರಗಿನಿಂದ ಮೆಲ್ಲಗೆ ಕೈ ಹೊರತೆಗೆದಳು. ಸೊಸೆಯ ಪಟ್ಟಿ ಅವಳ ಮುಂಗೈಯಲ್ಲಿತ್ತು. ಕಿಟಕಿಯ ಹತ್ತಿರ ಒಬ್ಬ ಅಜ್ಜಿ, ಬಾಗಿಲ ಬಳಿ ಒಬ್ಬ ಗಂಡ. ಎಲ್ಲರ ದೀಪವೂ ಹಸಿರು.

ವಾರಿಜಾ ಆ ಅತ್ತೆಯ ಕೈಯಿಂದ ಪಟ್ಟಿ ಬಿಚ್ಚಿ ಸೊಸೆಗೆ ಕಟ್ಟಿದಳು. ದೀಪ ಹಳದಿಯಲ್ಲಿ ನಿಲ್ಲದೆ ನೇರ ಕೆಂಪಾಯಿತು. ಅತ್ತೆ ಎರಡೂ ಕೈಯಿಂದ ಮಂಚವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಬಿಡ್ರಿ ಅಮ್ಮಾ, ಹೊತ್ತು ಮಾಡಬ್ಯಾಡ್ರಿ," ಎಂದಳು ವಾರಿಜಾ. "ನೀವೂ ಬರ್ರಿ ಒಳಗ. ಆಕಿ ಹತ್ರನ ಕೂಡ್ರಿ."

ಅತ್ತೆ ಕೈ ಬಿಟ್ಟಳು. ದಾದಿಯರು ಮಂಚ ತಳ್ಳಿದರು, ಅವಳು ಸೊಸೆಯ ಕೈ ಹಿಡಿದು ಜೊತೆಗೇ ನಡೆದಳು. ಮೊಮ್ಮಗಳನ್ನು ಎದೆಗವಚಿಕೊಂಡು ನಿಂತಿದ್ದ ಗುರುಸಿದ್ಧವ್ವ ಅವರು ಹೋಗುವುದನ್ನೇ ನೋಡಿದಳು.

"ನಿನ್ನಿ ಇಷ್ಟ ಅಂದಿದ್ರ ಸಾಕಿತ್ತಲ್ರೀ," ಎಂದಳು.