ಟ್ಯಾಂಕಪ್ಪನಿಗೆ ಹೇಳಿದ್ದು

ಟ್ಯಾಂಕಪ್ಪ ಮನುಷ್ಯನಲ್ಲವೆಂದು ಗೊತ್ತಿದ್ದುದರಿಂದಲೇ ಅವಳು ಅವನಿಗೆ ಎಲ್ಲವನ್ನೂ ಹೇಳಿಕೊಂಡಿದ್ದಳು.

ಊರಿನ ಇನ್ನೊಂದು ತುದಿಯ ಬಿಲ್ಡಿಂಗೊಂದರ ತಾರಸಿಯ ಮೇಲೆ ಮನೆಗೊಂದರಂತೆ ನೀರಿನ ಟ್ಯಾಂಕುಗಳಿದ್ದವು. ಅವುಗಳಲ್ಲಿ ಒಂದು ಈ ಟ್ಯಾಂಕಪ್ಪ. ಒಳಗೆ ಸೆನ್ಸರ್ ಕೂರಿಸಿ, ದಿನಾ ಸಂಜೆ ಆರಕ್ಕೆ 'ಇಂದು ಶೇಕಡಾ ಅರವತ್ತೆರಡು' ಎಂದು ತಾನಾಗಿಯೇ ಪೋಸ್ಟ್ ಆಗುವಂತೆ ಮಾಡಿದವನು ಅದೇ ಮನೆಯ ಒಬ್ಬ ಲಿಫ್ಟ್ ಮೆಕ್ಯಾನಿಕ್. ಆನ್‌ಲೈನಿನಲ್ಲಿ ಅವನ ಹೆಸರು ತಂತಿ. ಅವಳದು ಸುಟ್ಟಬೆರಳು. ಕಾದ ಕಡ್ಡಿಯಿಂದ ವೈರು ಬೆಸೆಯುವ ಸೋಲ್ಡರಿಂಗ್ ಕಲಿತ ಮೊದಲ ವಾರ ಸಂಪಾದಿಸಿದ ಬಿರುದು ಅದು.

ಅವರಿದ್ದ ಸೋಶಿಯಲ್ ಮೀಡಿಯಾ ಯಾವ ದೊಡ್ಡ ಕಂಪನಿಯದೂ ಅಲ್ಲ. ಇಂಥ ಸರ್ಕ್ಯೂಟಿನ ಹುಚ್ಚಿನವರೇ ಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟು ನಡೆಸುವ ಪುಟ್ಟ ಸರ್ವರುಗಳು. ಅವಳು ಒಂದರಲ್ಲಿ, ಅವನು ಇನ್ನೊಂದರಲ್ಲಿ, ಆದರೂ ಮಾತು ಆಚೀಚೆ ದಾಟುತ್ತಿತ್ತು. ಯಾರೋ ಕೆಟ್ಟ ಫ್ಯಾನ್ ಬಿಚ್ಚಿದ ಫೋಟೊ ಹಾಕಿದರೆ ಏಳು ಜನ ಸಲಹೆ ಕೊಡುತ್ತಿದ್ದರು. ಹಗಲೆಲ್ಲ ಲ್ಯಾಬಿನಲ್ಲಿ ಯಾರ್ಯಾರದೋ ಬಾಯಿಗೆ ಹಲ್ಲಿನ ಸೆಟ್ ಮಾಡಿ, ಮನೆಗೆ ಬಂದು ಒಂದೇ ತಟ್ಟೆ ತೊಳೆಯುವವಳಿಗೆ ಆ ಏಳು ಜನವೇ ಬಳಗ.

ಅವರಲ್ಲಿ ತಂತಿಯ ಮೇಲೆ ಅವಳಿಗೆ ಮನಸ್ಸು. ಅವನೋ, ಮಾತಾಡಿದರೆ ಮುತ್ತು ಉದುರೀತು ಎನ್ನುವ ಆಸಾಮಿ. ಒಮ್ಮೆ ಅವಳೇ ಕೇಳಿದ್ದಳು:

"ಟ್ಯಾಂಕಪ್ಪನಿಗೆ ಬರೋ ಮೆಸೇಜ್ ಎಲ್ಲಾ ಯಾರು ಓದ್ತಾರೆ?"

"ಯಾರೂ ಇಲ್ಲ. ಆ ಅಕೌಂಟಿನ ಪಾಸ್‌ವರ್ಡೇ ಮರೆತುಹೋಗಿದೆ ನಂಗೆ."

ಅಷ್ಟು ಸಾಕಾಯಿತು. ಹೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನೀರಿನ ಟ್ಯಾಂಕಿಗಿಂತ ಯೋಗ್ಯ ಜೀವ ಇನ್ಯಾವುದು? ದಿನಾ ಸಂಜೆ ಅವಳು ಅವನಿಗೆ ಖಾಸಗಿಯಾಗಿ ಬರೆಯತೊಡಗಿದಳು. ಅಕ್ಕ ಫೋನ್ ಮಾಡಿದರೆ ಮದುವೆಯ ವಿಷಯ ಬಿಟ್ಟು ಬೇರೆ ಮಾತೇ ಇಲ್ಲವೆಂದು. ಭಾನುವಾರವಿಡೀ ಬಾಯಿ ತೆರೆಯದೆ ಇದ್ದು, ಸೋಮವಾರ ಮಾತಾಡಹೋದರೆ ದನಿಯೇ ಹೊರಡಲಿಲ್ಲವೆಂದು. ಕೊನೆಗೊಂದು ದಿನ ತಡೆಯಲಾರದೆ, "ನಿನ್ನ ಯಜಮಾನರು ಅಂದ್ರೆ ನಂಗೆ ಇಷ್ಟ ಕಣೋ. ಹೇಳ್ಬೇಡ ಅವರಿಗೆ" ಎಂದೂ ಬರೆದಳು.

ಟ್ಯಾಂಕಪ್ಪ ಎಂದಿನಂತೆ, 'ಇಂದು ಶೇಕಡಾ ಐವತ್ತೊಂಬತ್ತು' ಎಂದ.

ಕೆಲವು ವಾರಗಳ ಮೇಲೆ ಎರಡು ದಿನ ಟ್ಯಾಂಕಪ್ಪನ ಸುದ್ದಿಯೇ ಇರಲಿಲ್ಲ. ಮೂರನೆಯ ದಿನ ಅಂಕಿಯ ಜೊತೆಗೆ ಅವಳಿಗೊಂದು ಖಾಸಗಿ ಉತ್ತರವೂ ಬಂತು: 'ಊಟ ಆಯ್ತಾ?' ಬೇರೆ ಯಾರಾದರೂ ಆಗಿದ್ದರೆ ಅನುಮಾನಪಡುತ್ತಿದ್ದರು. ಇವಳೂ ಸರ್ಕ್ಯೂಟಿನ ಹುಚ್ಚಿನವಳೇ ತಾನೆ, ಮೆಚ್ಚಿಕೊಂಡಳು.

"ಟ್ಯಾಂಕಪ್ಪನ ಪ್ರೋಗ್ರಾಂ ಸುಧಾರಿಸಿದ್ದೀರಾ?" ಎಂದು ತಂತಿಯನ್ನು ಕೇಳಿದಳು.

"ಸ್ವಲ್ಪ" ಎಂದ ತಂತಿ.

ನಾಲ್ಕು ತಿಂಗಳು ಹೀಗೇ ಕಳೆಯಿತು. ತನ್ನ ಕಿಟಕಿಗೂ ಹಾಗೆ ತಾನಾಗಿಯೇ ಪೋಸ್ಟ್ ಮಾಡುವ ಥರ್ಮಾಮೀಟರ್ ಮಾಡೋಣವೆಂದು, ತಂತಿ ಬಳಸಿದ ಪ್ರೋಗ್ರಾಮಿನ ಹೆಸರು ನೋಡಲು ಅವಳು ಟ್ಯಾಂಕಪ್ಪನ ಪೋಸ್ಟ್ ಒಂದನ್ನು ತೆರೆದಳು. ಯಾವುದರಿಂದ ಬರೆದದ್ದು ಎನ್ನುವುದು ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ. ಅಲ್ಲಿ ಪ್ರೋಗ್ರಾಮಿನ ಹೆಸರಿರಲಿಲ್ಲ. ಬೆರಳಿನಿಂದ ಟೈಪ್ ಮಾಡುವ ಮಾಮೂಲಿ ಫೋನ್ ಆ್ಯಪಿನ ಹೆಸರಿತ್ತು.

ಅವಳ ಕಿವಿಗಳು ಬಿಸಿಯಾದವು. "ಟ್ಯಾಂಕಪ್ಪ ನೀವೇನಾ?" ಎಂದು ತಂತಿಗೆ ಬರೆದಳು.

ಅರ್ಧ ಗಂಟೆಯ ಮೇಲೆ ಉತ್ತರ ಬಂತು. "ಹೌದು."

ಆಮೇಲೆ ಆರು ದಿನ ಅವಳು ಯಾರಿಗೂ ಏನೂ ಬರೆಯಲಿಲ್ಲ. ನಾಚಿಕೆಗೆ ಸತ್ತೇಹೋಗಬೇಕು ಅನ್ನಿಸಿತ್ತು. ಆದರೂ ಸಂಜೆಯಾದರೆ ಕೈ ಫೋನಿನ ಕಡೆಗೇ ಹೋಗುತ್ತಿತ್ತು. ಅವನ ಮೇಲಿನ ದೂರನ್ನು ಹೇಳಿಕೊಳ್ಳಲೂ ಅವಳಿಗಿದ್ದವನು ಅವನೊಬ್ಬನೇ.

ಏಳನೆಯ ದಿನ ತಂತಿ ತನ್ನ ಹೆಸರಿನಲ್ಲೇ ಬರೆದ.

"ಸೆನ್ಸರ್ ಕೆಟ್ಟಿತ್ತು. ಸರಿಮಾಡೋಣ ಅಂತ ಪಾಸ್‌ವರ್ಡ್ ಬದಲಿಸಿ ಒಳಗೆ ಹೋದೆ. ನಿಮ್ಮ ಮೆಸೇಜುಗಳಿದ್ವು. ಓದಬಾರದಿತ್ತು, ಓದ್ದೆ. ಸೆನ್ಸರ್ ಸರಿಮಾಡಿದ್ರೆ ನೀವು ಮತ್ತೆ ಬರೀ ಟ್ಯಾಂಕಿನ ಹತ್ರಾನೇ ಮಾತಾಡ್ತೀರಿ ಅನ್ನಿಸ್ತು. ಹಾಗೇ ಬಿಟ್ಟೆ. ಆದ್ರೆ ಅಂಕಿ ಒಂದೂ ಸುಳ್ಳಲ್ಲ. ದಿನಾ ನಾಲ್ಕು ಮಹಡಿ ಹತ್ತಿ, ಕೋಲು ಇಳಿಸಿ ನೋಡಿ ಹಾಕಿದ್ದು. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಶನಿವಾರ ಮೂರು ಗಂಟೆಗೆ ಲ್ಯಾಬಿಗೆ ಬನ್ನಿ. ಅಡ್ರೆಸ್ ಹೇಳ್ಬೇಕಾಗಿಲ್ಲ, ಟ್ಯಾಂಕಪ್ಪನಿಗೆ ಬರೆದಿದ್ದೆ, ಓದಿದ್ದೀರಲ್ಲ."

ಅವನು ಬಂದ. ಕಿವಿಯ ಹತ್ತಿರ ಕೂದಲು ಅಲ್ಲೊಂದು ಇಲ್ಲೊಂದು ನೆರೆತಿತ್ತು. ಟೂಲ್ಸ್ ಚೀಲವನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು, ಮೇಜಿನ ಮೇಲೆ ಸಾಲಾಗಿದ್ದ ಪ್ಲಾಸ್ಟರಿನ ದವಡೆಗಳನ್ನೇ ನೋಡುತ್ತ ನಿಂತ.

"ಅವು ಮಾತಾಡಲ್ಲ," ಎಂದಳು ಅವಳು. "ನನ್ನ ಕಡೆ ನೋಡಿ."

ಅವನು ನೋಡಿದ. ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಮತ್ತೆ ದವಡೆಗಳ ಕಡೆಗೆ ತಿರುಗಿದ.

"ನಂದೆಲ್ಲಾ ನಿಮಗೆ ಗೊತ್ತು. ನಿಮ್ಮದು ಒಂದೂ ನಂಗೆ ಗೊತ್ತಿಲ್ಲ. ಇದು ನ್ಯಾಯಾನಾ?"

"ಅಲ್ಲ."

"ಹಾಗಾದ್ರೆ ಹೇಳಿ."

"ಬರೆದು ಕೊಡ್ಲಾ?"

"ಬೇಡ. ಬಾಯಲ್ಲೇ ಹೇಳಿ."

ಅವನು ತುಂಬ ಹೊತ್ತು ಚೀಲದ ಜಿಪ್ ಎಳೆದಾಡಿದ.

"ಅಮ್ಮ ಇದ್ದಾಗ ಹತ್ತು ದಿನಕ್ಕೊಂದು ಸಲ ಟ್ಯಾಂಕ್ ತುಂಬಿಸ್ತಿದ್ವಿ," ಎಂದ. "ಅಮ್ಮ ಹೋದ ಮೇಲೆ ಒಂದು ಸಲ ತುಂಬಿಸಿದ್ರೆ ತಿಂಗಳಾದ್ರೂ ಖಾಲಿ ಆಗಲ್ಲ. ಅದನ್ನ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತಿತ್ತು. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಸೆನ್ಸರ್ ಹಾಕ್ದೆ."

ಅವಳಿಗೆ ಆ ಅಂಕಿಗಳು ನೆನಪಾದವು. ಅರವತ್ತೆರಡು, ಐವತ್ತೊಂಬತ್ತು, ಐವತ್ತಾರು. ದಿನಾ ಓದಿದ್ದಳು. ಒಬ್ಬರೇ ಇರುವ ಮನೆಯ ನೀರು ಎಷ್ಟು ನಿಧಾನಕ್ಕೆ ಇಳಿಯುತ್ತದೆಂದು ಅವಳಿಗೇ ಹೊಳೆಯದೆ ಹೋಗಿತ್ತಲ್ಲ.

"ನಂಗೂ ನೀವಂದ್ರೆ ಇಷ್ಟ," ಎಂದ ಅವನು. ಈ ಸಲ ಅವಳ ಮುಖವನ್ನೇ ನೋಡುತ್ತಿದ್ದ. "ನಾಲ್ಕು ತಿಂಗಳು ತಡವಾಯ್ತು."

"ನನ್ನ ಕೋಪ ಇನ್ನೂ ಹೋಗಿಲ್ಲ."

"ಗೊತ್ತು. ಯಾವಾಗ ಹೋಗುತ್ತೆ?"

ಅವಳು ಸೆರಗಿಗೆ ಹತ್ತಿದ್ದ ಪ್ಲಾಸ್ಟರಿನ ಪುಡಿ ಕೊಡವಿದಳು. ಕಣ್ಣು ಒದ್ದೆಯಾಗಿದ್ದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ.

"ದಿನಾ ಬಂದು ಕೇಳಿ."