ಮೂಡಣ ಕೋಣೆಯ ಗೆರೆಗಳು

ಊಟದ ಮೇಜಿನ ಮುಂದೆಯೇ ಅತ್ತೆ ಕೀಲಿಕೈಗಳ ಗೊಂಚಲನ್ನು ಬಿಚ್ಚಿದರು. ಒಂದೇ ಒಂದು ಕೀಲಿಯನ್ನು ಬಿಡಿಸಿ, ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಉಳಿದ ಗೊಂಚಲನ್ನು ಸೊಸೆಯ ತಟ್ಟೆಯ ಪಕ್ಕಕ್ಕೆ ತಳ್ಳಿದರು.

"ಮನೆಯೆಲ್ಲ ನಿಂದೇ. ಎಲ್ಲಿ ಬೇಕಾದ್ರೂ ಕೆರಿ. ಮೂಡಣ ಕೋಣೆಗೆ ಮಾತ್ರ ಕಾಲಿಡಬೇಡ."

"ಟ್ರಸ್ಟಿನವರು ದುಡ್ಡು ಹಾಕಿ ಈ ಮನೆ ಉಳಿಸೋಕೆ ಒಪ್ಪಿರೋದೇ ಆ ಕೋಣೆಗೋಸ್ಕರ ಅತ್ತೆ. ಅದು ಬಿಟ್ಟು ಉಳಿದದ್ದು ಅವರಿಗೆ ಬೇಕಿಲ್ಲ."

"ಬೇಡದಿದ್ರೆ ಬಿಡಲಿ. ನಾವೇನು ಕೈಮುಗಿದು ಕರೆದಿದ್ವಾ?"

ಮಗ ತಲೆ ಎತ್ತಲಿಲ್ಲ. ಮದುವೆಯಾದಂದಿನಿಂದ ಅಡಕತ್ತರಿಗೆ ಸಿಕ್ಕವನ ಪಾಡು ಅವನದು. ಅವರಿಬ್ಬರು ಮಾತಿಗಿಳಿದಾಗ ತಟ್ಟೆಯನ್ನೇ ನೋಡುತ್ತಾ ಉಣ್ಣುವುದನ್ನು ಅವನು ಚೆನ್ನಾಗಿ ಕಲಿತಿದ್ದ.

ಸುತ್ತಲಿನವರು ಆ ಮನೆಯನ್ನು ಅರಮನೆ ಎನ್ನುತ್ತಿದ್ದರು. ಒಳಗಿದ್ದವರಿಗೆ ಮಾತ್ರ ತಲೆಯ ಮೇಲೆ ಸೋರುವ ಮಾಡಿನ ಸ್ಥಿತಿ ಗೊತ್ತಿತ್ತು. ಪಡುವಣ ಭಾಗ ಆಗಲೇ ಕುಸಿದು, ಕುಟುಂಬ ಹಿಂದಿನ ನಾಲ್ಕು ಕೋಣೆಗಳಿಗೆ ಸರಿದಿತ್ತು. ಕಟ್ಟಿಸಿದ ಪುಣ್ಯಾತ್ಮ ಕುದುರೆ ವ್ಯಾಪಾರದಲ್ಲಿ ಹೆಸರು ಮಾಡಿದವನು. ಮೂಡಣ ಕೋಣೆಯ ಉದ್ದಗೋಡೆಯ ಮೇಲೆ ತನ್ನ ಜಮೀನನ್ನೆಲ್ಲ ಚಿತ್ರ ಬರೆಸಿದ್ದ. ಲಾಯ, ಕೊಳ, ಸಾಲುಮರ, ನಟ್ಟನಡುವೆ ಬಿಳಿ ಕುದುರೆ ಏರಿ ಕೂತ ಸ್ವತಃ ತಾನು. ಅವನ ಮಗನಿಗೆ ಅಪ್ಪನ ಮುಖವನ್ನು ದಿನಾ ನೋಡುವುದು ಬೇಡವಾಯಿತೋ ಏನೋ, ಅದರ ಮೇಲೆ ಹಸಿರು ಬಳಿಸಿದ. ಯುದ್ಧಕಾಲದಲ್ಲಿ ಮನೆ ಆಸ್ಪತ್ರೆಯಾದಾಗ ಹಸಿರಿನ ಮೇಲೆ ಕಂದು ಬಂತು. ಅತ್ತೆ ಮದುವೆಯಾಗಿ ಬಂದ ಮೇಲೆ ಹಳದಿ. ಹಳದಿಯ ಮೇಲಿನ ಬಿಳಿ ಸುಣ್ಣದ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಅಡಿಯಲ್ಲಿ ಚಿತ್ರವಿದೆ ಎಂಬುದಕ್ಕೆ ಪಡಸಾಲೆಯಲ್ಲಿ ತೂಗುಹಾಕಿದ ಮಸುಕು ಫೋಟೋ ಒಂದೇ ಆಧಾರ.

ಹಳೆಯ ಗೋಡೆಗಳ ಬಣ್ಣ ಕೆರೆದು ಅಡಿಯ ಚಿತ್ರಗಳನ್ನು ಹೊರತೆಗೆಯುವುದು ಸೊಸೆಯ ಕಸುಬು. ಮೆಟ್ಟಿಲ ಮೇಲಿನ ಚಾವಣಿಯನ್ನು ಸರಿಪಡಿಸಲು ಬಂದವಳನ್ನು ಮಗ ಮೆಚ್ಚಿ ಮದುವೆಯಾದ. "ಮನೆ ರಿಪೇರಿಗೆ ಬಂದೋಳು ಮನೇನೇ ಕಟ್ಕೊಂಡ್ಳು," ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಅವಳನ್ನು ಕರೆಯುವುದೂ 'ಕೆರೆಯೋಳೇ' ಎಂದೇ. ಮೊದಮೊದಲು ಸೊಸೆ ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟಳು.

ಆ ಕೋಣೆ ಯಾಕೆ ಮುಚ್ಚಿದೆ ಎಂದು ಅವಳು ಗಂಡನನ್ನು ಕೇಳದೆ ಇರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಅವನಿಗೊಬ್ಬಳು ಅಕ್ಕ ಇದ್ದಳಂತೆ. ಸರಸರನೆ ಉದ್ದ ಬೆಳೆಯುತ್ತಿದ್ದುದಕ್ಕೆ ಮನೆಯವರೆಲ್ಲ 'ಏಣಿ' ಎನ್ನುತ್ತಿದ್ದರಂತೆ. ಜ್ವರ ಬಂದು ಹೋಗಿಬಿಟ್ಟಳು. ಆಗ ಇವನು ತೊಟ್ಟಿಲಲ್ಲಿದ್ದ. ಅವಳ ಮಾತು ಬಂದರೆ ಅಮ್ಮ ಎದ್ದು ಹೋಗುತ್ತಿದ್ದರು, ಹಾಗಾಗಿ ಯಾರೂ ತರುತ್ತಿರಲಿಲ್ಲ. ಕೋಣೆಗೂ ಅದಕ್ಕೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಅಮ್ಮನದು ಬರೀ ಹಠ ಎಂದುಕೊಂಡಿದ್ದ.

ಅದೇ ಸಮಯಕ್ಕೆ ಅತ್ತೆಯ ಕಣ್ಣಿನ ಆಪರೇಷನ್ ಬಂತು. ಆಸ್ಪತ್ರೆಯಲ್ಲಿ ಮೈಮೇಲಿನದನ್ನೆಲ್ಲ ತೆಗೆದಿಡಲು ಹೇಳಿದರು. ಕೊರಳಿನ ದಾರವನ್ನು ಬಿಚ್ಚಿ ಅತ್ತೆ ಮಗನ ಅಂಗೈಯಲ್ಲಿಟ್ಟು ಅವನ ಬೆರಳುಗಳನ್ನು ತಾವೇ ಮಡಿಸಿದರು. ನಂಬಿ ಕೊಟ್ಟ ಕೀಲಿ ಅದು. ಅಂದು ಸಂಜೆಯೊಳಗೆ ಅದು ಸೊಸೆಯ ಕೈಗೆ ಬಂದಿತ್ತು. ಟ್ರಸ್ಟಿನ ಅಧಿಕಾರಿ ಗೋಡೆ ನೋಡಲು ಬರುವವನಿದ್ದ. ಚಿತ್ರ ಇದೆ ಎಂದು ಒಂದಿಷ್ಟಗಲ ತೋರಿಸಿದರೆ ಸಾಕು, ಮಾಡು ಉಳಿಯುತ್ತದೆ, ಆಮೇಲೆ ಅಮ್ಮನನ್ನು ಒಪ್ಪಿಸಿದರಾಯಿತು ಎಂಬುದು ಗಂಡ ಹೆಂಡಿರ ಲೆಕ್ಕಾಚಾರ.

ಮರುದಿನ ಬೆಳಿಗ್ಗೆ ಸೊಸೆ ಬೀಗ ತೆಗೆದಳು. ಕಸುಬಿನ ಪದ್ಧತಿಯಂತೆ ಕಣ್ಣಿಗೆ ನೇರವಾಗಿ ಅಂಗೈಯಗಲದ ಒಂದು ಚೌಕ ಗುರುತು ಮಾಡಿ, ಒಂದೊಂದೇ ಪದರ ಬಿಡಿಸತೊಡಗಿದಳು. ಬಿಳಿ ಸುಣ್ಣ ತೆಳ್ಳಗಿತ್ತು, ಒದ್ದೆ ಬಟ್ಟೆಗೇ ಬಿಟ್ಟುಕೊಂಡಿತು. ಹಳದಿಯ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್ ಗೆರೆ ಕಂಡಿತು. ಅಂಥ ಗೆರೆಗಳನ್ನು ಅವಳು ಬೇಕಾದಷ್ಟು ಕಂಡವಳು. ಗಾರೆಯವರು ಮಟ್ಟ ನೋಡಲು ಎಳೆಯುತ್ತಾರೆ, ಅಳಿಸದೆ ಹೋಗುತ್ತಾರೆ. ಎರಡನೆಯ ಸಲ ನೋಡದೆ ಕೆರೆದಳು. ಕಂದು ಹೋಯಿತು, ಹಸಿರು ಹೋಯಿತು, ಸವಾರನ ಟೋಪಿಯ ಅಂಚು ನೀಲಿಯಾಗಿ ಮೇಲೆದ್ದಿತು. ಅವಳು ಗಂಡನನ್ನು ಕೂಗಿದಳು.

ಇನ್ನೊಂದು ಚೌಕಕ್ಕೆಂದು ಕೆಳಗಿನ ಸುಣ್ಣ ತೊಳೆದಳು. ಮತ್ತೊಂದು ಗೆರೆ. ಅದರ ಕೆಳಗೆ ಇನ್ನೊಂದು. ಗಾರೆಯವರು ಇಷ್ಟು ಒತ್ತೊತ್ತಾಗಿ ಮಟ್ಟ ಹಾಕುವುದಿಲ್ಲವಲ್ಲ ಎಂದು ಬಗ್ಗಿ ನೋಡಿದಳು. ಕೆಳಗಿನ ಗೆರೆಯ ಪಕ್ಕದಲ್ಲಿ ಅತ್ತೆಯ ದುಂಡು ಅಕ್ಷರ: 'ಹಿಮ್ಮಡಿ ಎತ್ತಿದ್ದಾಳೆ, ಇದು ಲೆಕ್ಕಕ್ಕಿಲ್ಲ.'

ಒದ್ದೆ ಬಟ್ಟೆಯನ್ನು ಅವಳು ಗೋಡೆಯಿಂದ ದೂರ ಸರಿಸಿದಳು. ಗಾರೆಯವರು ಹಿಮ್ಮಡಿ ಎತ್ತುವುದಿಲ್ಲ... ಎತ್ತರಕ್ಕೆ ಆಸೆಪಟ್ಟ ಮಗು ಎತ್ತುತ್ತದೆ.

ಗಂಡ ಬಂದು ನೋಡಿದ. ಅಕ್ಕನ ಗುರುತೆಂದು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು. ಬಗ್ಗಿ ಗೆರೆಗಳನ್ನು ಒಂದೊಂದಾಗಿ ನೋಡಿ, ಮೆಲ್ಲಗೆ ಹೇಳಿದ.

"ಹೋಗಿರೋದು ಒಂದೇ ತಾನೆ? ಆ ಚೌಕಕ್ಕೆ ಹಳದಿ ತುಂಬಿ ಒಂದು ಗೆರೆ ಎಳೆದುಬಿಡು. ಮೇಲೆ ಸುಣ್ಣ ಬಳಿ. ಅಮ್ಮನಿಗೆ ಕಣ್ಣು ಮಂಜು, ಗೊತ್ತಾಗಲ್ಲ."

"ಅಂಗೈಯಗಲದಲ್ಲಿ ಅದು ಎಲ್ಲಿತ್ತು ಅಂತ ನಾನೇ ನೋಡ್ಕೊಂಡಿಲ್ಲ. ಎಲ್ಲಿ ಎಳೀಲಿ?"

"ಅಂದಾಜಲ್ಲಿ ಎಳಿ."

"ಆಗಲ್ಲ. ಇದು ಅವರ ಮಗಳ ಎತ್ತರ. ಅಂದಾಜಲ್ಲಿ ಎಳೆದ್ರೆ ಅದು ಯಾರದೋ ಎತ್ತರ ಆಗತ್ತೆ."

ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅತ್ತೆ ಮಗನ ಜೊತೆ ಮರಳಿದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಸೊಸೆ ಹೊಸ್ತಿಲಲ್ಲಿ ನಿಂತಿದ್ದಳು. ಗಾರೆಯವರ ಗುರುತೆಂದು ಕೆರೆದದ್ದೂ ಸೇರಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ತಪ್ಪನ್ನು ಗಂಡನ ಮೇಲೆ ಹಾಕಲಿಲ್ಲ. ಬೈಗುಳಕ್ಕೆ ಮೈಯೊಡ್ಡಿಕೊಂಡು ನಿಂತಳು. ಅತ್ತೆ ಬೈಯಲಿಲ್ಲ.

"ಯಾವುದು ಹೋಯ್ತು?"

"ಎಲ್ಲಕ್ಕಿಂತ ಮೇಲಿಂದು."

"ಕೊನೇದು..." ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಅವಳು ಹೋದ ಮೇಲೆ ನಿಮ್ಮ ಮಾವ ಬಣ್ಣದವರನ್ನ ಕರೆಸಿದ್ರು. ಅವರು ಬಳಿಯೋಕೆ ಮೊದ್ಲು ಗೋಡೆ ಉಜ್ಜಿ ತೊಳೀತಾರೆ ಅಂತ ಕೇಳಿದೆ. ಅವರು ಬರೋಷ್ಟರಲ್ಲಿ ನಾನೇ ಸುಣ್ಣ ಬಳಿದು ಬೀಗ ಹಾಕಿದೆ. ಮುಚ್ಚಿಟ್ರೆ ಉಳಿಯತ್ತೆ ಅಂದ್ಕೊಂಡೆ..."

ಅವರು ಒಳಗೆ ಬಂದರು. ಗೋಡೆಗೆ ಬೆನ್ನು ಹಚ್ಚಿ ನಿಂತರು.

"ಅಂದಾಜು ಯಾಕೆ? ನನ್ನ ಮೈಗೇ ಗೊತ್ತು. ಅವಳ ನೆತ್ತಿ ನನ್ನ ಗದ್ದಕ್ಕೆ ಸರಿಯಾಗಿ ಬರ್ತಿತ್ತು. ತಬ್ಬಿಕೊಂಡ್ರೆ ಕೂದಲು ಮೂಗಿಗೆ ತಾಗಿ ಸೀನು ಬರ್ತಿತ್ತು. ಪೆನ್ಸಿಲ್ ತಾ, ಇಲ್ಲಿ ಎಳಿ."

ಗದ್ದದ ಮಟ್ಟಕ್ಕೆ ಅಂಗೈ ಚಪ್ಪಟೆ ಮಾಡಿ ಗೋಡೆಗೆ ಒತ್ತಿದರು. ಮಗನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಅವರ ಕೈ ಆ ಕೆರೆದ ಚೌಕದ ಹತ್ತಿರಕ್ಕೂ ಬಂದಿರಲಿಲ್ಲ. ಉಳಿದ ಗೆರೆಗಳಲ್ಲಿ ಎಲ್ಲಕ್ಕಿಂತ ಮೇಲಿನದಕ್ಕಿಂತಲೂ ಕೆಳಗಿತ್ತು.

"ಎಳಿ ಅಂದೆನಲ್ಲ?"

"ಅಮ್ಮ... ಅದು ಸರಿ ಬರ್ತಿಲ್ಲ."

ಅತ್ತೆ ಕೈಯನ್ನು ಅಲ್ಲೇ ಇಟ್ಟುಕೊಂಡು ತಿರುಗಿ ನೋಡಿದರು. ಪಟ್ಟಿಯಿಲ್ಲದ ಕಣ್ಣನ್ನು ಗೋಡೆಯ ಹತ್ತಿರಕ್ಕೆ ತಂದರು. ಅಂಗೈಗಿಂತ ಮೇಲಿದ್ದ ಗೆರೆಯ ಪಕ್ಕ ತಮ್ಮದೇ ಅಕ್ಷರದಲ್ಲಿದ್ದ ಇಸವಿಯನ್ನು ಓದಿದರು.

"ಇದು ಕೊನೇದಕ್ಕಿಂತ ಹಿಂದಿನ ವರ್ಷದ್ದು. ಅದಕ್ಕಿಂತ ಗಿಡ್ಡ ಆದ್ಳಾ ನನ್ನ ಏಣಿ?" ಎಂದರು. ಅಂಗೈಯನ್ನೂ ಗೆರೆಯನ್ನೂ ಮತ್ತೆ ನೋಡಿದರು. "ಅಲ್ಲ... ನಾನು ಕುಗ್ಗಿದ್ದೀನಿ."

ಮಗಳು ಸತ್ತ ದಿನ ಆಕೆ ಅತ್ತದ್ದನ್ನು ಕಂಡವರಿಲ್ಲವಂತೆ. ಆ ದಿನದ ಅಳುವೂ ಸೇರಿ ಈಗ ಬಂತು. ಸೊಸೆಗೂ ತಡೆಯಲಾಗಲಿಲ್ಲ. ಹೋಗಿ ಅವರನ್ನು ಹಿಡಿದುಕೊಂಡಳು, ಅವರು ಬಿಡಿಸಿಕೊಳ್ಳಲಿಲ್ಲ.

"ಈ ಗೋಡೆ ಇನ್ನು ಮುಟ್ಟಲ್ಲ ಅತ್ತೆ. ಬರೋದು ಬೇಡ ಅಂತ ಟ್ರಸ್ಟಿಗೆ ಹೇಳಿಬಿಡ್ತೀನಿ."

"ಮಾಡು ಬಿದ್ಮೇಲೆ ಗೋಡೆ ಎಲ್ಲಿರತ್ತೆ, ಗೆರೆ ಎಲ್ಲಿರತ್ತೆ?" ಅತ್ತೆ ಮೂಗು ಒರೆಸಿಕೊಂಡರು. "ಕೆರಿ. ಪೂರ್ತಿ ಕೆರಿ. ಬಿಟ್ಟ ಗೆರೆ ನೋಡಿದ್ರೆ ಹೋದ ಗೆರೆ ನೆನಪಾಗತ್ತೆ."

ಕೆಲಸ ನಡೆಯಿತು. ಮಾಡು ಮರಳಿ ಏರಿತು. ಉದ್ದಗೋಡೆಯ ಮೇಲೆ ಲಾಯ, ಕೊಳ, ಸಾಲುಮರ ಒಂದೊಂದಾಗಿ ಬೆಳಕಿಗೆ ಬಂದವು. ಬಿಳಿ ಕುದುರೆಯ ಬಾಲ ಬಂತು, ಹಿಂಗಾಲು ಬಂತು. ಅಲ್ಲಿಗೆ ಸೊಸೆ ನಿಲ್ಲಿಸಿದಳು. ಅಲ್ಲಿಂದ ಒಂದು ಮೊಳದಗಲ, ಚಾವಣಿಯಿಂದ ನೆಲದವರೆಗೆ, ಹಳದಿಯನ್ನು ಹಾಗೆಯೇ ಬಿಟ್ಟಳು. ಮೇಲೆ ತಾನು ಕೆಡಿಸಿದ ಚೌಕ, ಅದರ ಕೆಳಗೆ ಗೆರೆಗಳು. ಚೌಕಕ್ಕೆ ಏನನ್ನೂ ತುಂಬಲಿಲ್ಲ.

ಅಧಿಕಾರಿ ಬಂದು ತಲೆ ಕೆರೆದುಕೊಂಡ. "ಕುದುರೆ ಇದೆ, ಸವಾರನೇ ಇಲ್ವಲ್ಲ. ಮನೆ ಕಟ್ಟಿಸಿದವನ ಮುಖಾನೇ ಮುಚ್ಚಿಟ್ರೆ ಹೇಗೆ?"

"ಹಳೇ ಪದರಗಳು ತಿಳೀಲಿ ಅಂತ ಒಂದು ಪಟ್ಟಿ ಉಳಿಸೋದು ನಮ್ಮ ಪದ್ಧತಿ."

"ಅದನ್ನ ಮೂಲೇಲಿ ಉಳಿಸ್ತಾರೆ. ನಟ್ಟನಡುವೆ ಯಾರಾದ್ರೂ ಉಳಿಸ್ತಾರಾ? ಇದನ್ನ ಪೂರ್ತಿಯಾದ ಕೆಲಸ ಅಂತ ನಾವು ಬರೆಯೋಕಾಗಲ್ಲ. ಹೆಬ್ಬಾಗಿಲ ಹಲಗೆ ಮೇಲೆ ನಿಮ್ಮ ಹೆಸರು ಹಾಕೋಕೂ ಆಗಲ್ಲ."

ಆ ಹಲಗೆಯ ಮೇಲೆ ಹೆಸರು ಬರಲೆಂದು ಅವಳ ಕಸುಬಿನವರು ಜೀವಮಾನವೆಲ್ಲ ಕಾಯುತ್ತಾರೆ. "ಬೇಡ ಬಿಡಿ," ಎಂದಳು ಸೊಸೆ. ಅತ್ತೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡರು. ಒಳಗೆ ಬರಲಿಲ್ಲ.

ಈಗ ಮನೆ ಜನರಿಗೆ ತೆರೆದಿದೆ. ಅತ್ತೆ ಮೂಡಣ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಬಂದವರು ಕುದುರೆಯ ಬಾಲ ನೋಡಿ ನಗುತ್ತಾರೆ, ಅವರೂ ನಗುತ್ತಾರೆ. ಒಂದು ದಿನ ಸೊಸೆ ಏಣಿಯ ಮೇಲೆ ನಿಂತು ಕಿಟಕಿಯ ಅಂಚಿಗೆ ಗಾರೆ ಮೆತ್ತುತ್ತಿದ್ದಾಗ ಒಬ್ಬ ಹೆಂಗಸು ಹಳದಿ ಪಟ್ಟಿಯ ಮುಂದೆ ನಿಂತುಬಿಟ್ಟಳು.

"ಇವೇನಮ್ಮ, ಪೆನ್ಸಿಲ್ ಗೆರೆಗಳು?"

ಸೊಸೆಯ ಕೈ ನಿಂತಿತು.

"ಗಾರೆಯವರ ಗುರುತು," ಎಂದರು ಅತ್ತೆ. "ಮಟ್ಟ ನೋಡೋಕೆ ಹಾಕಿರ್ತಾರೆ. ಯಾರು ನೋಡಿದ್ರೂ ಹಾಗೇ ಅನ್ಸತ್ತೆ."

"ಪಕ್ಕದಲ್ಲಿ ಹಿಮ್ಮಡಿ ಎತ್ತಿದ್ದಾಳೆ ಅಂತ ಬರೆದಿದೆಯಲ್ಲ?"

"ಮೇಸ್ತ್ರಿ ತಮಾಷೆಯವನಿದ್ದ."

ಹೆಂಗಸು ನಕ್ಕು ಮುಂದಿನ ಕೋಣೆಗೆ ಹೋದಳು. ಸೊಸೆ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿದಳು. ಅತ್ತೆ ಕುರ್ಚಿಯಿಂದೆದ್ದು ಬಂದು ಏಣಿಯ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಸಾಕು ಇಳಿ ಕೆರೆಯೋಳೇ, ಊಟ ಆರತ್ತೆ," ಎಂದರು.