ಮುಚ್ಚಳದ ಮೇಲೆ ಮೂರು ಪೆಟ್ಟು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಎಣ್ಣೆಬಾವಿಗಳಲ್ಲಿ ಒಂದು ಪದ್ಧತಿಯಿದೆ. ಬಾವಿಯ ಸುತ್ತ, ರಿಪೇರಿಗೆಂದು ಆಳುಗಳು ಇಳಿಯುವ ಗುಂಡಿಗೆ ಕಬ್ಬಿಣದ ಮುಚ್ಚಳ ಎಳೆಯುವ ಮುಂಚೆ ಅದರ ಮೇಲೆ ಸ್ಪ್ಯಾನರಿನಿಂದ ಮೂರು ಸಲ ತಟ್ಟಬೇಕು. ಒಳಗೆ ಯಾರಾದರೂ ಇದ್ದರೆ ತಿರುಗಿ ಎರಡು ಸಲ ತಟ್ಟುತ್ತಾರೆ.

ಮೊದಲನೇ ಬಾವಿಗೆ ಬೆಂಕಿ ಬಿದ್ದಾಗ ಆಗಿನ ಧಣಿ ತಟ್ಟಿಸದೆಯೇ ಮುಚ್ಚಿಸಿದ. ಗಾಳಿಯಿಲ್ಲದೆ ಬೆಂಕಿ ಆರಿತು, ಎಣ್ಣೆ ಉಳಿಯಿತು. ಒಳಗಿದ್ದ ನನ್ನ ಮುತ್ತಜ್ಜ ಉಳಿಯಲಿಲ್ಲ.

ಹೋದ ತಿಂಗಳು ಆ ಬಾವಿಯ ಶತಮಾನೋತ್ಸವ ನಡೆಯಿತು. ವೇದಿಕೆಯ ಮೇಲೆ ಹಳೇ ಧಣಿಯ ಆಳೆತ್ತರದ ಪಟ. ನನ್ನ ಮುತ್ತಜ್ಜನ ಹೆಸರು ಎಲ್ಲೂ ಇಲ್ಲ. ಗುಂಡಿಗೆ ಎಂದೋ ಕಾಂಕ್ರೀಟ್ ತುಂಬಿದ್ದರು. ಫಿಟ್ಟರ್ ಆದ ನಾನೇ ಮುಚ್ಚಳ ಉಜ್ಜಿ ಹೊಳೆಯಿಸಿದ್ದೆ. ಮಟಮಟ ಮಧ್ಯಾಹ್ನ, ಧಣಿಯ ಮರಿಮಗ ಬೆಳ್ಳಿ ಸ್ಪ್ಯಾನರ್ ಹಿಡಿದು, ಫೋಟೊಗೆಂದು ಮುಚ್ಚಳಕ್ಕೆ ಮೂರು ಸಲ ತಟ್ಟಿದ.

ಕೆಳಗಿನಿಂದ ಎರಡು ಪೆಟ್ಟು ಕೇಳಿಸಿತು. ಜನ ಚಪ್ಪಾಳೆ ಹೊಡೆದರು.

"ಒಳಗೆ ಯಾರನ್ನ ಕೂರಿಸಿದ್ದೀಯಪ್ಪಾ?" ಅಂತ ಮರಿಮಗ ನನ್ನತ್ತ ತಿರುಗಿ ನಕ್ಕ.

"ಯಾರೂ ಇಲ್ಲ ಸಾರ್, ಬರೀ ಕಾಂಕ್ರೀಟು."

ಆ ಸುಡುಬಿಸಿಲಲ್ಲೂ ಮುಚ್ಚಳ ನನ್ನ ಕೈಗೆ ತಣ್ಣಗಿತ್ತು. ಅದನ್ನು ಮುಟ್ಟಿದ ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅಂದಿನಿಂದ ಅವನು ಮನೆಯಲ್ಲಿ ಯಾವ ಬಾಗಿಲು ಮುಚ್ಚಿದರೂ ಆಚೆಯಿಂದ ಎರಡು ಪೆಟ್ಟು, ಜೊತೆಗೆ ಸುಟ್ಟ ಎಣ್ಣೆಯ ವಾಸನೆ. ನಿನ್ನೆ ನನ್ನನ್ನೇ ಕರೆಸಿ ಬಾಗಿಲುಗಳನ್ನೆಲ್ಲ ಕಳಚಿಸಿದ.

"ಇನ್ನು ಪೀಡೆ ತೊಲಗಿತು, ಅಲ್ವೇನಪ್ಪಾ?"

"ನೋಡೇಬಿಡೋಣ ಸಾರ್," ಅಂತ ಗೋಡೆಗೆ ಒರಗಿಸಿದ್ದ ಕೊನೆಯ ಬಾಗಿಲಿಗೆ ಸ್ಪ್ಯಾನರಿನಿಂದ ಮೂರು ಸಲ ತಟ್ಟಿದೆ.

ಬಾಗಿಲು ಸುಮ್ಮನಿತ್ತು. ಎರಡು ಪೆಟ್ಟು ಅವನ ಎದೆಯೊಳಗಿಂದ ಕೇಳಿಸಿತು.

ನಾನು ಮತ್ತೆ ತಟ್ಟಿದೆ.